ಸರ್ಕಾರಿ ಕಚೇರಿ ವೆಬ್‌ಸೈಟಿಗೆ ವರ್ಡ್‌ಪ್ರೆಸ್ಸೋ ಡ್ರುಪಲ್ಲೋ, ಕ್ಲೌಡೋ ಡೇಟಾ ಸೆಂಟರೋ? ಮಂಡ್ಯದಿಂದ ಕೇಳ್ತಿದೀನಿ

ನಾಲೆಏರಿ:

ಎಲ್ರಿಗೂ ನಮಸ್ಕಾರ. ಮಂಡ್ಯದಲ್ಲಿ ಒಂದು ಸರ್ಕಾರಿ ಕಚೇರೀಲಿ ಔಟ್‌ಸೋರ್ಸ್ ಮೇಲೆ ಇದೀನಿ, ಯಾವ ಕಚೇರಿ ಅಂತ ಕೇಳ್ಬೇಡಿ. ಹುದ್ದೆ ಡೇಟಾ ಎಂಟ್ರಿ ಆಪರೇಟರ್, ಆದ್ರೆ ಬಿಇ ಓದಿದೀನಿ ಅಂತ ಗೊತ್ತಾದ್ಮೇಲೆ ಪ್ರಿಂಟರ್ ಜಾಮ್ ಆದ್ರೂ ನಾನೇ, ವೆಬ್‌ಸೈಟ್ ಬಿದ್ರೂ ನಾನೇ.

ವಿಷ್ಯ ಏನಂದ್ರೆ ನಮ್ಮ ಸೈಟು ಜೂಮ್ಲಾ ಅನ್ನೋ ವೆಬ್‌ಸೈಟ್ ಮಾಡೋ ಸಾಫ್ಟ್‌ವೇರಿನ 1.5ರಲ್ಲಿದೆ. ಹೌದು, ಆ ಹಳೇ 1.5. ಮಾಡ್ಕೊಟ್ಟೋರು ಫೋನ್ ಎತ್ತೋದು ಬಿಟ್ಟು ವರ್ಷಗಳಾದ್ವು. ಹೋದ್ ತಿಂಗಳು ಸಾಹೇಬ್ರು ಗೂಗಲ್ಲಲ್ಲಿ ನಮ್ ಕಚೇರಿ ಹೆಸರು ಹೊಡೆದ್ರೆ ಕೆಳಗಡೆ ಜಪಾನಿ ಭಾಷೇಲಿ ಯಾವ್ದೋ ಬೂಟು ಬ್ಯಾಗು ಮಾರೋ ಪೇಜುಗಳು, ಎಲ್ಲಾ ನಮ್ಮ ವಿಳಾಸದಲ್ಲೇ. "ಏನಪ್ಪ ಇದು, ನಾವು ಯಾವಾಗಿಂದ ಚಪ್ಪಲಿ ಅಂಗಡಿ ಇಟ್ವಿ" ಅಂದ್ರು. ಅವತ್ತೇ ಹೊಸ ಸೈಟು ಮಾಡ್ಸೋದು ಅಂತ ತೀರ್ಮಾನ ಆಯ್ತು, ಅದೂ ಮಾರ್ಚ್ ಒಳಗೆ, ಆರ್ಥಿಕ ವರ್ಷ ಮುಗಿಯೋದ್ರೊಳಗೆ ದುಡ್ಡು ಖರ್ಚಾಗ್ಬೇಕಲ್ಲ.

ಮೂರು ಪಾರ್ಟಿ ಬಂದು ಡೆಮೊ ಕೊಟ್ರು. ಒಬ್ರು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರಲ್ಲಿ ಮಾಡಿ ಅಮೆಜಾನ್ ಕ್ಲೌಡಲ್ಲಿ, ಅಂದ್ರೆ ಅವ್ರ ಬಾಡಿಗೆ ಸರ್ವರಲ್ಲಿ, ಇಡ್ತೀವಿ ಅಂತಾರೆ. ಇನ್ನೊಬ್ರು ಡ್ರುಪಲ್, ಅದೂ ಅಂಥದ್ದೇ ಸಾಫ್ಟ್‌ವೇರು, ಅಮೆರಿಕದ ವೈಟ್ ಹೌಸೇ ಅದ್ರಲ್ಲಿದೆ ಅಂತಾರೆ. ಮೂರನೇವ್ರದ್ದು ಅವ್ರದೇ ಸ್ವಂತ ಸಾಫ್ಟ್‌ವೇರು, ವರ್ಷಾ ವರ್ಷ ಲೈಸೆನ್ಸು, ಕ್ಲೌಡೂ ಅದ್ರಲ್ಲೇ ಸೇರಿದೆ, ನೋಡೋಕ್ ಮಾತ್ರ ಮದುವೆ ಮಂಟಪದ ಹಾಗಿದೆ. ಇವೆಲ್ಲ ಬಿಟ್ಟು ಸರ್ಕಾರದ್ದೇ ಡೇಟಾ ಸೆಂಟರ್ ಇದ್ಯಲ್ಲ ಅಂತ ನಮ್ ಕಚೇರಿಯವ್ರೇ ಕೆಲವ್ರು.

ಸೈಟಲ್ಲಿ ಇರೋದು ಸುತ್ತೋಲೆ, ಟೆಂಡರ್, ಜ್ಯೇಷ್ಠತಾ ಪಟ್ಟಿ, ಆರ್‌ಟಿಐ 4(1)(ಬಿ) ಮಾಹಿತಿ, ರೈತರಿಗೆ ಪ್ರಕಟಣೆ. ಹಳೇ ಪಿಡಿಎಫ್ಫೇ ಸುಮಾರು 4 ಸಾವಿರ ಇವೆ. ದಿನಾ ಅಪ್ಲೋಡ್ ಮಾಡೋದು ನಮ್ಮ ಎಫ್‌ಡಿಎ ಮೇಡಮ್ಮು, ಅವ್ರು ಟೈಪ್ ಮಾಡೋದೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ. ಮಾಮೂಲಿ ದಿನ ಸೈಟಿಗೆ ನೂರು ಜನ ಬಂದ್ರೆ ಹೆಚ್ಚು, ಆದ್ರೆ ಕನ್ನಂಬಾಡಿ 124.80 ಅಡಿ ಮುಟ್ತು, ನಾಲೆಗೆ ನೀರು ಬಿಡ್ತಾರೆ ಅನ್ನೋ ಸುದ್ದಿ ಬಂದ್ರೆ ಎಲ್ರೂ ಒಟ್ಗೆ ನುಗ್ತಾರೆ, ಸೈಟು ಮಲಗತ್ತೆ.

ಯಾವ್ದು ತಗೊಳೋಣ? ನಾನು ಕಂಪ್ಯಾರಿಸನ್ ಟೇಬಲ್ ಮಾಡಿ ಕೊಡ್ಬೇಕು ಸೋಮವಾರದೊಳಗೆ.

ಸರಸ್ವತಿಪುರಂ_ಸರ್ವರ್:

ಮೈಸೂರಿಂದ. ಹತ್ತು ವರ್ಷ ಇದೇ ಕೆಲ್ಸ ಮಾಡಿದೀನಿ ಆದ್ರಿಂದ ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ನೀವು ಕೇಳಿರೋದ್ರಲ್ಲಿ ಎರಡು ಪ್ರಶ್ನೆ ಸೇರ್ಕೊಂಡಿವೆ. ಎಲ್ಲಿ ಇಡೋದು ಅನ್ನೋದು ಒಂದು, ಯಾವ್ದರಲ್ಲಿ ಮಾಡೋದು ಅನ್ನೋದು ಇನ್ನೊಂದು. ಆದ್ರೆ ನಿಮ್ಮ ಪೋಸ್ಟಲ್ಲಿ ನಿಜವಾದ ಸಮಸ್ಯೆ ಇರೋದು ಒಂದೇ ಸಾಲಲ್ಲಿ, ಎಫ್‌ಡಿಎ ಮೇಡಂ ನುಡೀಲಿ ಟೈಪ್ ಮಾಡ್ತಾರೆ ಅಂದ್ರಲ್ಲ, ಅಲ್ಲಿ. ನುಡಿಯ ಹಳೇ ಆಸ್ಕಿ ಫಾಂಟಲ್ಲಿ ಹೊಡೆದಿದ್ನ ಕಾಪಿ ಮಾಡಿ ವೆಬ್ ಪೇಜಿಗೆ ಹಾಕಿ ನೋಡಿ, ಕರ್ನಾಟಕ ಅಂತ ಇರೋ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದಿರೋ ಎ, ನಡುವೆ ಒಂದು ಪೌಂಡ್ ಚಿಹ್ನೆ, ಹೀಗೆ ಬರತ್ತೆ. ಕಂಪ್ಯೂಟರ್ ಪಾಲಿಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕ್ಸಿರೋದು. ಅದಕ್ಕೇ ಮೇಡಂ ಅದನ್ನ ಪಿಡಿಎಫ್ ಮಾಡಿ ಹಾಕ್ತಿರ್ತಾರೆ, ಅಥವಾ ಪ್ರಿಂಟ್ ತಗೊಂಡು ಸೀಲ್ ಹೊಡೆಸಿ ಸ್ಕ್ಯಾನ್ ಮಾಡಿ. ನಿಮ್ಮ 4 ಸಾವಿರ ಪಿಡಿಎಫ್‌ನಲ್ಲಿ ಗೂಗಲ್ಲಿಗೆ ಕನ್ನಡ ಸರಿಯಾಗಿ ಕಾಣ್ಸಲ್ಲ, ಕಣ್ಣು ಕಾಣದೋರಿಗೆ ಓದಿ ಹೇಳೋ ಸಾಫ್ಟ್‌ವೇರಿಗೂ ಕೇಳ್ಸಲ್ಲ. ಡ್ರುಪಲ್ಲಲ್ಲ, ಕೋಟಿ ರೂಪಾಯಿ ಸಾಫ್ಟ್‌ವೇರ್ ತಂದ್ರೂ ಸರ್ಚ್ ಬಾಕ್ಸಲ್ಲಿ "ಬೆಳೆ ಪರಿಹಾರ" ಅಂತ ಹೊಡೆದ್ರೆ ಸೊನ್ನೆ ಬರತ್ತೆ.

ಸರ್ಕಾರಿ ವೆಬ್‌ಸೈಟುಗಳಿಗೆ ಅಂತಲೇ ಜಿಐಜಿಡಬ್ಲ್ಯೂ ಮಾರ್ಗಸೂಚಿ ಇದೆ, 2009ರಿಂದ ಇದೆ, ಈಗಿರೋದು 3.0. ಅದ್ರಲ್ಲಿ ಆಕ್ಸೆಸಿಬಿಲಿಟಿ, ಅಂದ್ರೆ ಅಂಗವಿಕಲರಿಗೂ ಬಳಸೋಕಾಗೋದು, ಸುಮ್ನೆ ಸಲಹೆ ಅಲ್ಲ, ಅದಕ್ಕಿರೋ ಅಂತಾರಾಷ್ಟ್ರೀಯ ಮಾನದಂಡ ಡಬ್ಲ್ಯೂಸಿಎಜಿ 2.1ರ ಎಎ ಮಟ್ಟ ಮುಟ್ಬೇಕು. ಸ್ಕ್ಯಾನ್ ಮಾಡಿರೋ ಫೋಟೊ ಪಿಡಿಎಫ್ ರಾಶಿ ಹಾಕಿದ್ರೆ ಅಲ್ಲೇ ಫೇಲು.

ಈಗ ಸಾಫ್ಟ್‌ವೇರ್ ವಿಷ್ಯ. ವರ್ಡ್‌ಪ್ರೆಸ್ ಕಲಿಯೋದು ಸುಲಭ, ಮೇಡಂಗೆ ಎರಡು ದಿನ ಸಾಕು. ಅದ್ರ ತಲೆನೋವು ಪ್ಲಗಿನ್ನು, ಅಂದ್ರೆ ಬೇರೆಯವ್ರು ಮಾಡಿ ಮೇಲಿಂದ ಸೇರ್ಸೋ ತುಂಡುಗಳು. ಭದ್ರತಾ ತೂತುಗಳು ಬಹುಪಾಲು ಪ್ಲಗಿನ್ ಮೂಲಕವೇ ಬರೋದು, ಮೂಲ ಸಾಫ್ಟ್‌ವೇರ್ ಅಂದ್ರೆ ಕೋರಲ್ಲಿ ಕಮ್ಮಿ. ಕನ್ನಡ ಇಂಗ್ಲಿಷ್ ಎರಡೂ ಇಡ್ಬೇಕು ಅಂದ್ರೆ ಅದಕ್ಕೂ ಒಂದು ಪ್ಲಗಿನ್. ಇನ್ನೊಂದು ಸಣ್ಣ ವಿಷ್ಯ ಯಾರೂ ಹೇಳಲ್ಲ, ಕನ್ನಡದಲ್ಲಿ ಶೀರ್ಷಿಕೆ ಕೊಟ್ರೆ ಪೇಜಿನ ವಿಳಾಸನೂ ಕನ್ನಡದಲ್ಲೇ ಆಗತ್ತೆ, ಒಳಗಡೆ ಒಂದೊಂದು ಕನ್ನಡ ಅಕ್ಷರಕ್ಕೂ 9 ಅಕ್ಷರದ ಕೋಡು. ಮಂಡ್ಯ ಅನ್ನೋ ಒಂದು ಪದಕ್ಕೇ 45. ವರ್ಡ್‌ಪ್ರೆಸ್ಸಲ್ಲಿ ಮಿತಿ 200, ಅಂದ್ರೆ ಒತ್ತಕ್ಷರ ಗುಣಿತ ಎಲ್ಲ ಸೇರಿ 22 ಚಿಹ್ನೆಗೆ ವಿಳಾಸ ಕಟ್. ನಮ್ಮ ಸರ್ಕಾರಿ ಸುತ್ತೋಲೆ ಶೀರ್ಷಿಕೆ "ವಿಷಯ:" ಅಂತ ಶುರುವಾಗಿ ನಾಲ್ಕು ಸಾಲು ಇರತ್ತಲ್ಲ, ಎಲ್ಲಾದ್ರ ವಿಳಾಸನೂ ಮೊದ್ಲ 22 ಒಂದೇ ಥರ ಇದ್ದು ಕೊನೇಲಿ 2, 3, 4 ಅಂತ ಅಂಟ್ಕೊಳತ್ತೆ. ವಾಟ್ಸಪ್ಪಲ್ಲಿ ಕಳ್ಸಿದ್ರೆ ಶೇಕಡಾ ಚಿಹ್ನೆಗಳ ಜಾತ್ರೆ. ಮೊದಲ ದಿನವೇ ವಿಳಾಸವನ್ನ ಇಂಗ್ಲಿಷಲ್ಲೋ ಬರೀ ನಂಬರಲ್ಲೋ ಇಡೋ ಹಾಗೆ ಸೆಟ್ ಮಾಡಿ.

ವೈಟ್ ಹೌಸ್ ಡ್ರುಪಲ್ಲಲ್ಲಿದೆ ಅಂದೋರು 2009ರ ಸ್ಲೈಡು ತೋರಿಸ್ತಿದಾರೆ. 2017ರ ಕೊನೇಲೇ ಅವ್ರು ವರ್ಡ್‌ಪ್ರೆಸ್ಸಿಗೆ ಹೋದ್ರು. ಯಾವ್ದು ದೊಡ್ಡೋರು ಬಳಸ್ತಾರೆ ಅನ್ನೋದು ನಿಮಗೆ ಉಪಯೋಗಕ್ಕೆ ಬರಲ್ಲ ಬಿಡಿ, ಅಲ್ಲಿ ಸೈಟು ನೋಡ್ಕೊಳೋಕೆ ಒಂದು ತಂಡ ಇದೆ, ನಿಮ್ಮಲ್ಲಿ ನೀವೊಬ್ರು, ಅದೂ ಔಟ್‌ಸೋರ್ಸು.

ಪಿಎಚ್‌ಪಿ_ಪುಟ್ಟ:

ಮೇಲಿನವ್ರ ನುಡಿ ಮಾತಿಗೆ ಕೈ ಮುಗ್ದೆ. ಆದ್ರೆ ಡ್ರುಪಲ್ಲನ್ನ ಅಷ್ಟು ಸುಲಭಕ್ಕೆ ಪಕ್ಕಕ್ಕೆ ತಳ್ಬೇಡಿ ಗುರುವೇ. ನಾನು ಅದ್ರಲ್ಲೇ ಅನ್ನ ತಿಂತಿರೋನು ಅಂತ ಮೊದ್ಲೇ ಹೇಳ್ಬಿಡ್ತೀನಿ.

ಸರ್ಕಾರಿ ಕೆಲಸಕ್ಕೆ ಬೇಕಾದ ಎರಡು ವಸ್ತು ಅದ್ರ ಹೊಟ್ಟೇಲೇ ಇವೆ. ಒಂದು ಬಹುಭಾಷೆ, ಡ್ರುಪಲ್ 8 ಬಂದಾಗಿಂದ, ಅಂದ್ರೆ 2015ರಿಂದ ಕೋರಲ್ಲೇ ಇದೆ. ಇನ್ನೊಂದು ಅನುಮೋದನೆ ಹಂತ, ಗುಮಾಸ್ತರು ಹಾಕ್ತಾರೆ, ಸೂಪರಿಂಟೆಂಡೆಂಟ್ ನೋಡ್ತಾರೆ, ಸಾಹೇಬ್ರು ಒತ್ತಿದ್ಮೇಲೆ ಪ್ರಕಟ ಆಗತ್ತೆ, ಕಡತ ಓಡಾಡ್ದಂಗೆ. ಆಸ್ಟ್ರೇಲಿಯಾ ಸರ್ಕಾರ 2015ರಿಂದ ಗವ್‌ಸಿಎಮ್‌ಎಸ್ ಅಂತ ನಡೆಸ್ತಿದೆ, ಡ್ರುಪಲ್ ಒಂದನ್ನೇ ಕೇಂದ್ರದಲ್ಲಿ ಇಟ್ಕೊಂಡು ಬೇಕಾದ ಇಲಾಖೆಗಳಿಗೆ ಅದೇ ಹಂಚೋದು. ನಮ್ ದೇಶದ್ದೇ ಮೈಗವ್, ಓಪನ್ ಡೇಟಾ ಪೋರ್ಟಲ್ ಎಲ್ಲ ಡ್ರುಪಲ್ಲಲ್ಲಿ ಕಟ್ಟಿದ್ದು.

ಇನ್ನು ಬೈಯ್ಯೋಕೂ ನನಗೇ ಬಿಡಿ. ಡ್ರುಪಲ್ 7 ಹದಿನಾಲ್ಕು ವರ್ಷ ಬಾಳಿ 2025ರ ಜನವರಿ 5ಕ್ಕೆ ಸತ್ತೋಯ್ತು. 7ರಿಂದ ಮುಂದಕ್ಕೆ ಹೋಗೋದು ಅಪ್‌ಗ್ರೇಡ್ ಅಲ್ಲ, ಮನೆ ಕೆಡವಿ ಹೊಸದಾಗಿ ಕಟ್ಟಿ ಸಾಮಾನು ಸಾಗ್ಸೋದು, ಎಷ್ಟೋ ಜನ ಅದ್ನ ಮಾಡ್ದೆ ಇವತ್ತೂ ಹಂಗೇ ಕೂತವ್ರೆ. 2018ರ ಮಾರ್ಚಲ್ಲಿ ಡ್ರುಪಲ್‌ಗೆಡ್ಡನ್ 2 ಅಂತ ಒಂದು ತೂತು ಬಂತು, ಲಾಗಿನ್ನೇ ಬೇಡ, ಹೊರಗಿಂದಲೇ ಸರ್ವರ್ ಪೂರ್ತಿ ಕೈವಶ. ಅವತ್ತು ರಾತ್ರಿ ನಾನು ಕುವೆಂಪುನಗರದ ರೂಮಲ್ಲಿ ಕೂತು ಒಂಬತ್ತು ಸೈಟು ಪ್ಯಾಚ್ ಮಾಡ್ದೆ, ಅಂದ್ರೆ ತೂತು ಮುಚ್ದೆ, ಹತ್ತನೇದ್ರ ಪಾಸ್‌ವರ್ಡ್ ಯಾರ ಹತ್ರನೂ ಇರ್ಲಿಲ್ಲ. ಆ ಹತ್ತನೇದು ಒಂದು ಸರ್ಕಾರಿ ಸೈಟು. ಮೂರು ವಾರ ಯಾರ್ಯಾರಿಗೋ ಬಿಟ್‌ಕಾಯಿನ್ ಅಗೆದು ಕೊಡ್ತಿತ್ತು ಪಾಪ.

ಅದ್ಕೇ ನನ್ ಲೆಕ್ಕ ಹಿಂಗೆ. ಪ್ಯಾಚ್ ಹಾಕೋರು ಯಾರು ಅಂತ ಹೆಸರು ಬರ್ದು ಕೊಡೋಕಾದ್ರೆ ಡ್ರುಪಲ್, ಆಗ್ದಿದ್ರೆ ಅದ್ರ ಹತ್ರ ಹೋಗ್ಬೇಡಿ. ಮೂರನೇ ಪಾರ್ಟಿಯ ಮದುವೆ ಮಂಟಪ ಮಾತ್ರ ಯಾವ ಕಾರಣಕ್ಕೂ ಬೇಡ.

ಹಳೇ_ಸೂಪರಿಂಟೆಂಡೆಂಟ್:

ಮದುವೆ ಮಂಟಪ ಯಾಕ್ ಬ್ಯಾಡ ಅಂತ ನಾನ್ ಹೇಳ್ತೀನಿ ಕೇಳಪ್ಪ. ನಾನು ರಿಟೈರಾಗಿ ಮಂಡ್ಯದಲ್ಲೇ ಇವ್ನಿ. ನಮ್ ಆಫೀಸಲ್ಲೂ ಹಿಂಗೇ ಒಬ್ಬ ಬಂದ, ಸೂಟು ಬೂಟು, ಸ್ವಂತ ಸಾಫ್ಟ್‌ವೇರು. ಚೆನ್ನಾಗೇ ಇತ್ತು ಮೂರು ವರ್ಸ. ನಾಕನೇ ವರ್ಸ ರೇಟು ಒಂದೂವರೆ ಪಟ್ಟು ಅಂದ. ಕೊಡಾಕಿಲ್ಲ ಕಣಪ್ಪ, ನಮ್ ಮಾಹಿತಿ ನಮ್ಗೆ ಕೊಟ್ಬುಡು ಅಂದ್ರೆ ಒಂದು ಸಿಡೀಲಿ ಏನೋ ತುಂಬ್ಕೊಟ್ಟ, ಅದು ಅವನ ಸಾಫ್ಟ್‌ವೇರ್ ಬಿಟ್ರೆ ಬ್ಯಾರೆ ಎಲ್ಲೂ ತೆರೆಯಾಕಿಲ್ಲ. ಸಾಲ್ದು ಅಂತ ವೆಬ್‌ಸೈಟ್ ಹೆಸರು ಡಾಟ್ ಕಾಮ್, ಅದೂ ಅವನ ಹೆಸರಲ್ಲೇ ತಗಂಡಿದ್ದ. ನಾವು ಒಪ್ಪಂದ ಬಿಟ್ ಮ್ಯಾಲೆ ಅವ್ನು ರಿನೀವಲ್ ಮಾಡ್ಲಿಲ್ಲ. ಈಗ್ಲೂ ನಮ್ ಹಳೇ ಲೆಟರ್‌ಹೆಡ್ಡಲ್ಲಿ ಇರೋ ಆ ವಿಳಾಸ ಒತ್ತುದ್ರೆ ಇಸ್ಪೀಟಾಟ ಬತ್ತದೆ. ಆಡಿಟ್‌ನೋರು ಅದ್ನೂ ಬರ್ದವ್ರೆ.

ಅದ್ಕೆ ಟೆಂಡರ್ ಕಾಗದದಲ್ಲಿ ಇಷ್ಟ್ ಬರ್ಸು. ಹೆಸರು ಗವ್ ಡಾಟ್ ಇನ್ ಆಗಿರ್ಬೇಕು, ಕಚೇರಿ ಹೆಸರಲ್ಲೇ ಇರ್ಬೇಕು. ಸೋರ್ಸ್ ಕೋಡು, ಡೇಟಾಬೇಸು, ಎಲ್ಲಾ ಪಾಸ್‌ವರ್ಡು ಆಫೀಸಿನ ಆಸ್ತಿ, ಒಪ್ಪಂದ ಮುಗಿದ ದಿನ ಒಪ್ಪುಸ್ಬೇಕು, ಒಪ್ಪುಸೋವರ್ಗೂ ಕೊನೇ ಕಂತು ಇಲ್ಲ. ಈ ಕೊನೇ ಕಂತು ಅನ್ನೋದು ಮುಖ್ಯ. ಬಾಕಿದ್ದೆಲ್ಲ ಬರೀ ಅಕ್ಷರ, ಇದು ಮಾತ್ರ ಹಗ್ಗ.

ಇನ್ನೊಂದು, ಟೆಂಡರಲ್ಲಿ ಡ್ರುಪಲ್ಲು ಅಂತ ಬ್ರಾಂಡ್ ಹೆಸರು ಬರುದ್ರೆ ಯಾವನಾರ ಒಬ್ಬ ಅರ್ಜಿ ಹಾಕ್ತನೆ, ಒಬ್ಬರಿಗೋಸ್ಕರ ಬರ್ದವ್ರೆ ಅಂತ. ಓಪನ್ ಸೋರ್ಸ್, ಅಂದ್ರೆ ಕೋಡು ಎಲ್ರಿಗೂ ತೆರೆದಿರೋದು, ಆಗಿರ್ಬೇಕು ಅಂತ ಬರಿ, ಅದ್ಕೆ ಕೇಂದ್ರ ಸರ್ಕಾರದ 2015ರ ನೀತಿನೇ ಐತೆ, ತೋರ್ಸು. ಏನ್ ಕೆಲಸ ಮಾಡ್ಬೇಕು ಅಂತ ಬರಿ, ಹೆಸರು ಬ್ಯಾಡ.

ನಾಲೆಏರಿ:

ಸರ್ ಕೊನೇ ಕಂತಿನ ವಿಷ್ಯ ಸೂಪರ್, ಹಾಗೇ ಹಾಕ್ತೀನಿ. ನಮ್ದು ಅದೃಷ್ಟಕ್ಕೆ ಗವ್ ಡಾಟ್ ಇನ್ ಹೆಸರೇ. ಪಾಸ್‌ವರ್ಡ್ ಬಗ್ಗೆ ಹೇಳೋಕೆ ನಾಚಿಕೆ, ಗೋಡೆ ಮೇಲಿರೋ ಕ್ಯಾಲೆಂಡರಲ್ಲಿ ಯುಗಾದಿ ಚೌಕದೊಳಗೆ ಬರ್ದಿದಾರೆ, ಪ್ರತಿ ವರ್ಷ ಹೊಸ ಕ್ಯಾಲೆಂಡರಿಗೆ ಕಾಪಿ ಆಗತ್ತೆ.

ಕ್ಲೌಡ್ ಬಗ್ಗೆ ಯಾರೂ ಹೇಳ್ಲಿಲ್ಲ. ಸರ್ಕಾರಿ ಮಾಹಿತಿ ಅಮೆಜಾನಲ್ಲಿ ಇಡ್ಬಹುದಾ? ಅಕೌಂಟ್ಸ್ ಸೆಕ್ಷನ್ನವ್ರು "ಎಷ್ಟಾಗತ್ತೆ ಅಂತ ಮೊದ್ಲೇ ಗೊತ್ತಿಲ್ದ ಬಿಲ್ಲು ನಾನು ಖಜಾನೆಗೆ ಹೆಂಗಪ್ಪ ಕಳ್ಸಲಿ" ಅಂತ ಕೂತಿದಾರೆ.

ಸರಸ್ವತಿಪುರಂ_ಸರ್ವರ್:

ನಿಮ್ಮ ಅಕೌಂಟ್ಸಿನವ್ರು ಕ್ಲೌಡ್ ಕಂಪನಿ ಸೇಲ್ಸ್‌ನವ್ರಿಗಿಂತ ಬುದ್ಧಿವಂತ್ರು. ಅವ್ರು ಕೇಳಿರೋದೇ ಸರಿಯಾದ ಪ್ರಶ್ನೆ.

ಇಡ್ಬಹುದಾ ಅಂದ್ರೆ ಇಡ್ಬಹುದು. ಕೇಂದ್ರದ ಮೇಘರಾಜ್ ಅನ್ನೋ ಸರ್ಕಾರಿ ಕ್ಲೌಡ್ ಯೋಜನೆ ಇದ್ಯಲ್ಲ, ಅದ್ರಲ್ಲಿ ಐಟಿ ಸಚಿವಾಲಯ ಖಾಸಗಿ ಕ್ಲೌಡ್‌ಗಳನ್ನ ಎಂಪ್ಯಾನೆಲ್ ಮಾಡತ್ತೆ ಅಂದ್ರೆ ಒಪ್ಪಿದೋರ ಪಟ್ಟಿಗೆ ಸೇರ್ಸತ್ತೆ, ಅದೇ ಸಚಿವಾಲಯದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿ ಆಡಿಟ್ ಮಾಡತ್ತೆ. ಪಟ್ಟೀಲಿರೋರ ಹತ್ರನೇ ತಗೋಬೇಕು, ಡೇಟಾ ಭಾರತದೊಳಗೇ ಇರ್ಬೇಕು. ಅಮೆಜಾನ್ ಡೇಟಾ ಸೆಂಟರು ಮುಂಬಯೀಲಿ 2016ರಲ್ಲಿ, ಹೈದರಾಬಾದಲ್ಲಿ 2022ರಲ್ಲಿ ಬಂತು. ಆದ್ರೆ ಕಂಪನಿ ಪಟ್ಟೀಲಿದ್ರೆ ಸಾಲ್ದು, ನೀವು ತಗೊಳೋ ಸರ್ವಿಸ್ಸೂ ಪಟ್ಟೀಲಿದ್ಯಾ ನೋಡಿ, ಡೆಮೊ ಕೊಡೋರು ಇದನ್ನ ನುಂಗಿ ಹಾಕ್ತಾರೆ. ಕೊಳ್ಳೋದು ಜೆಮ್ ಅನ್ನೋ ಸರ್ಕಾರಿ ಖರೀದಿ ಪೋರ್ಟಲಲ್ಲೂ ಆಗತ್ತೆ.

ಬಿಲ್ಲಿನ ಕಥೆ. ಕ್ಲೌಡು ಅಂದ್ರೆ ಕರೆಂಟು ಮೀಟರ್ ಇದ್ದಂಗೆ, ಓಡಿದಷ್ಟು. ಖಾಸಗೀಲಿ ಕ್ರೆಡಿಟ್ ಕಾರ್ಡ್ ಉಜ್ತಾರೆ, ಸರ್ಕಾರದಲ್ಲಿ ಮಂಜೂರಾತಿ ಬೇಕು, ಲೆಕ್ಕ ಶೀರ್ಷಿಕೆ ಬೇಕು, ಖಜಾನೆ-2 ಅನ್ನೋ ಸರ್ಕಾರಿ ಬಿಲ್ಲಿನ ತಂತ್ರಾಂಶದಲ್ಲಿ ಬಿಲ್ ಹಾಕ್ಬೇಕು. ಒಂದ್ಸಲ ನಾನು ಕೆಲ್ಸ ಮಾಡ್ತಿದ್ದ ಪ್ರಾಜೆಕ್ಟಲ್ಲಿ ಟೆಸ್ಟಿಂಗಿಗೆ ಅಂತ ಏಳಿಸಿದ ಸರ್ವರ್ ಆರಿಸೋದು ಯಾರೋ ಮರೆತ್ರು, ಐದು ತಿಂಗಳು ಓಡಿದೆ, ಬೀದಿ ದೀಪ ಹಗಲೆಲ್ಲ ಉರಿದಂಗೆ. ಆ ಬಿಲ್ಲು ಪಾಸ್ ಮಾಡ್ಸೋಕೆ ಬರೆದ ಟಿಪ್ಪಣಿ ಸರ್ವರ್ ಮ್ಯಾನುಯಲ್‌ಗಿಂತ ದಪ್ಪ ಇತ್ತು. ನೀವು ಮಾಡ್ಬೇಕಾದ್ದು, ಮಧ್ಯದಲ್ಲಿ ಒಬ್ಬ ಸರ್ವಿಸ್ ಪ್ರೊವೈಡರ್ ಇಟ್ಕೊಂಡು ತಿಂಗಳಿಗೆ ಇಷ್ಟೇ ಅಂತ ನಿಗದಿ ದರ, ಮೇಲೆ ಹೋದ್ರೆ ಅವನ ತಲೆ ಮೇಲೆ. ಸ್ವಲ್ಪ ಜಾಸ್ತಿ ಬೀಳತ್ತೆ, ಆದ್ರೆ ನಿದ್ದೆ ಬರತ್ತೆ.

ಆದ್ರೆ ಒಂದು ಮಾತು, ನಿಮ್ಮ ಸೈಟಿಗೆ ಅಮೆಜಾನ್ ಬೇಕಾ? ಮಂಡ್ಯ, ಮೈಸೂರು ಜಿಲ್ಲಾಡಳಿತದ ವೆಬ್‌ಸೈಟುಗಳು ಕೇಂದ್ರದ ಐಟಿ ಸಂಸ್ಥೆ ಎನ್‌ಐಸಿಯ ಎಸ್3ವಾಸ್ ಅನ್ನೋ ವೆಬ್‌ಸೈಟ್ ಸೇವೆಯಲ್ಲಿವೆ. ಸರ್ವರ್, ಪ್ಯಾಚು, ಮಾರ್ಗಸೂಚಿಗೆ ತಕ್ಕ ಟೆಂಪ್ಲೇಟು ಎಲ್ಲಾ ಅವ್ರದ್ದು, ನೀವು ವಿಷಯ ತುಂಬೋದಷ್ಟೇ. ಡಿಸೈನ್ ನಿಮ್ಮಿಷ್ಟಕ್ಕೆ ಕುಣಿಯಲ್ಲ, ಸಾಹೇಬ್ರ ಫೋಟೊ ಓಡೋ ಪಟ್ಟಿ ಬೇಕು ಅಂದ್ರೆ ಅವ್ರು ಕೊಟ್ಟಿರೋ ಜಾಗದಲ್ಲೇ ಓಡ್ಬೇಕು. ಸುತ್ತೋಲೆ ಟೆಂಡರ್ ಪ್ರಕಟಣೆ ಇಷ್ಟೇ ಇರೋ ಕಚೇರಿಗೆ ಅದು ಸಾಕು ಅನ್ನೋದು ನನ್ನ ಅಭಿಪ್ರಾಯ. ನಮ್ಮಲ್ಲಿ ಹೊಸ ಸೈಟು ಅಂದ್ರೆ ಹೊಸ ಬಣ್ಣ ಅಂತ ಲೆಕ್ಕ, ಅದೊಂದು ಅಡ್ಡಿ.

ಪಿಎಚ್‌ಪಿ_ಪುಟ್ಟ:

ನನ್ ಹೊಟ್ಟೆ ಮೇಲೆ ಹೊಡೆದ್ರಲ್ಲ ಸಾರ್ 😀 ಆದ್ರೂ ಒಪ್ಕೋತೀನಿ, ಬರೀ ಪ್ರಕಟಣೆಗೆ ಅದು ಸಾಕು. ಆನ್‌ಲೈನ್ ಅರ್ಜಿ, ಪೇಮೆಂಟು ಬೇಕು ಅಂದಾಗ ಮಾತ್ರ ಬೇರೆ ದಾರಿ ನೋಡ್ಕೊಳ್ಳಿ.

ನೀರು ಬಿಟ್ಟ ದಿನ ಸೈಟು ಮಲಗೋದಕ್ಕೆ ಕಾರಣ ಸರ್ವರ್ ಸಣ್ಣದು ಅಂತಲ್ಲ ಕಣ್ರೀ. ಪ್ರತಿಯೊಬ್ರು ಬಂದಾಗ್ಲೂ ಆ ಹಳೇ ಜೂಮ್ಲಾ ಡೇಟಾಬೇಸ್ ತೆಗೆದು ಪೇಜ್ ಹೊಸದಾಗಿ ಬೇಯಿಸ್ತಾ ಕೂರತ್ತೆ. ಎಲ್ರಿಗೂ ಒಂದೇ ಪೇಜು ತಾನೇ ಬೇಕಾಗಿರೋದು, ಒಂದ್ಸಲ ಬೇಯ್ಸಿ ಹಂಚಿದ್ರಾಯ್ತು, ಮದ್ದೂರು ವಡೆ ಮಾಡಿಟ್ಟು ರೈಲಲ್ಲಿ ಮಾರ್ದಂಗೆ. ಹಿಂಗೆ ಬೇಯ್ಸಿಡೋ ಕ್ಯಾಶ್ ಹಾಕಿ, ಮುಂದೆ ಆ ಕಾಪಿ ಹಂಚೋ ಸಿಡಿಎನ್ ಸರ್ವರ್‌ಗಳನ್ನ ಇಡಿ, ಸಣ್ಣ ಸರ್ವರೂ ತಡ್ಕೊಳತ್ತೆ. ಇನ್ನೊಂದು, ನಾಲೆ ಪ್ರಕಟಣೇನ 6 ಎಂಬಿ ಸ್ಕ್ಯಾನ್ ಪಿಡಿಎಫ್ ಹಾಕ್ಬೇಡಿ, ನಾಲ್ಕು ಸಾಲು ಅಕ್ಷರ ಹಾಕಿ. ಗದ್ದೆ ಬದುವಲ್ಲಿ ನಿಂತು ಮೊಬೈಲ್ ನೋಡೋ ರೈತನಿಗೆ ಬೇಕಾಗಿರೋದು ತಾರೀಖು, ಸಾಹೇಬ್ರ ಸಹಿ ಅಲ್ಲ.

ಬ್ಯಾಕಪ್ಪು ಮರೀಬೇಡಿ, ಎಲ್ಲಿ ಇಟ್ರೂನೂ. 2025ರ ಸೆಪ್ಟೆಂಬರಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ಸರ್ಕಾರಿ ಡೇಟಾ ಸೆಂಟರಲ್ಲಿ ಬ್ಯಾಟರಿಯಿಂದ ಬೆಂಕಿ ಹತ್ಕೊಂಡು ನೌಕರರ ಕಡತ ಇಡೋ ಜಿ-ಡ್ರೈವ್ ಅನ್ನೋದು 858 ಟಿಬಿ ಪೂರ್ತಿ ಬೂದಿ, ಹೊರಗಡೆ ಬ್ಯಾಕಪ್ ಇರ್ಲಿಲ್ಲ, ತುಂಬಾ ದೊಡ್ಡದು ಅಂತ. ಕೊರಿಯಾದಲ್ಲೇ ಹಿಂಗೆ. ವಾರಕ್ಕೊಂದ್ಸಲ ಒಂದು ಕಾಪಿ ಬೇರೆ ಕಡೆ ಹೋಗ್ಲಿ, ಆರು ತಿಂಗಳಿಗೊಂದ್ಸಲ ಅದ್ನ ತೆಗೆದು ನಿಜ್ವಾಗ್ಲೂ ಓಡತ್ತಾ ನೋಡಿ. ನಾನೊಂದು ಕಡೆ ನೋಡಿದೀನಿ, ಬ್ಯಾಕಪ್ ಫೋಲ್ಡರಲ್ಲಿ ದಿನಕ್ಕೊಂದರಂತೆ ಒಪ್ಪವಾಗಿ ಎರಡು ವರ್ಷದ ಫೈಲು, ಎಲ್ಲಾ ಸೊನ್ನೆ ಕೆಬಿ.

ಹಳೇ_ಸೂಪರಿಂಟೆಂಡೆಂಟ್:

ಜಪಾನ್ ಬೂಟಿನ ವಿಷ್ಯ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳ್ಸಿದ್ರಾ? 2022ರಿಂದ ಆರ್ಡರ್ ಐತೆ, ಗೊತ್ತಾದ ಆರು ಗಂಟೆ ಒಳಗೆ ತಿಳುಸ್ಬೇಕು, 180 ದಿನದ ಲಾಗು, ಅಂದ್ರೆ ಸರ್ವರಲ್ಲಿ ಏನೇನಾಯ್ತು ಅನ್ನೋ ದಾಖಲೆ, ಇಟ್ಕಂಡಿರ್ಬೇಕು. ಹೊಸ ಸೈಟಿಗೆ ಅವ್ರ ಪಟ್ಟೀಲಿರೋ ಆಡಿಟರ್ ಕೈಲಿ ಆಡಿಟ್ ಮಾಡುಸ್ದೆ ಎಲ್ಲೂ ಇಡಾಕ್ ಬಿಡಾಕಿಲ್ಲ, ಅದ್ಕೂ ದುಡ್ಡು ಟೈಮು ಎರಡೂ ಎಸ್ಟಿಮೇಟಲ್ಲಿ ಹಾಕು. ಮಾರ್ಚ್ 28ಕ್ಕೆ ನೆನಪಾದ್ರೆ ಕೆಟ್ಟೆ.

ನಾಲೆಏರಿ:

ತಡವಾಗಿ ಅಪ್ಡೇಟ್. ಟೇಬಲ್ ಮಾಡ್ಲಿಲ್ಲ. ಬದಲಿಗೆ ಸಾಹೇಬ್ರ ಮುಂದೆ ನಮ್ಮದೇ ಒಂದು ಪಿಡಿಎಫ್ ತೆಗೆದು ಕಾಪಿ ಮಾಡಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡ್ದೆ. ಪೌಂಡ್ ಚಿಹ್ನೆ ನೋಡಿ "ಇದು ಯಾವ ಭಾಷೆ" ಅಂದ್ರು. ನಮ್ದೇ ಸರ್, 2016ರ ಸುತ್ತೋಲೆ, ನಿಮ್ಮ ಹಿಂದಿನವ್ರು ಸಹಿ ಮಾಡಿರೋದು ಅಂದೆ. ಎರಡು ನಿಮಿಷ ಸುಮ್ನಿದ್ರು. ಆಮೇಲೆ ಎಸ್3ವಾಸ್‌ಗೆ ಪತ್ರ ಬರೆಯೋಕೆ ಹೇಳಿದ್ರು, ಮಂಟಪದವ್ರಿಗೆ ಕಾಫಿ ಕೊಟ್ಟು ಕಳ್ಸಿದ್ವಿ. ಉಳಿದ ದುಡ್ಡಲ್ಲಿ ಹಳೇ ಕಡತ ಯೂನಿಕೋಡ್, ಅಂದ್ರೆ ಕಂಪ್ಯೂಟರಿಗೂ ಕನ್ನಡ ಅಂತ ಗೊತ್ತಾಗೋ ಅಕ್ಷರ, ಮಾಡ್ಸೋಣ ಅಂತಾಗಿದೆ, ಅದಕ್ಕೆ ಯಾವ ಲೆಕ್ಕ ಶೀರ್ಷಿಕೆ ಅಂತ ಅಕೌಂಟ್ಸಿನವ್ರು ಇನ್ನೂ ಹುಡುಕ್ತಾವ್ರೆ.

ಸರ್ಟ್-ಇನ್‌ಗೆ ಮೇಲ್ ಹಾಕ್ದೆ, ಆರು ಗಂಟೆ ಅಲ್ಲ ಆರು ವಾರ ಆಗಿತ್ತು, ಏನ್ ಮಾಡೋದು. ಮೇಡಂ ಕಂಪ್ಯೂಟರಲ್ಲಿ ನುಡೀನ ಯೂನಿಕೋಡ್ ಮೋಡಿಗೆ ಹಾಕ್ಕೊಟ್ಟೆ. ಕೀಬೋರ್ಡು ಅದೇ ಆದ್ರಿಂದ ಏನೂ ಕಲೀಬೇಕಾಗ್ಲಿಲ್ಲ, "ಇಷ್ಟೇನಾ" ಅಂದ್ರು. ಕ್ಯಾಲೆಂಡರಿಂದ ಪಾಸ್‌ವರ್ಡ್ ಅಳ್ಸಿದೀನಿ, ಪೆನ್ನಲ್ಲಿ ಗೀಚಿದೀನಿ ಅನ್ನೋದೇ ಸರಿ.

ಈಗ ಹೊಸ ತೊಡಕು. ಹಳೇ ವರ್ಡ್ ಫೈಲುಗಳಲ್ಲಿ ನುಡೀವು ಕನ್ವರ್ಟರಲ್ಲಿ ಚೆನ್ನಾಗೇ ಬರ್ತಿವೆ, ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪತ್ತೆ ಅಷ್ಟೇ. ಆದ್ರೆ ಮಧ್ಯ ಮಧ್ಯ ಶ್ರೀಲಿಪಿ ಅನ್ನೋ ಬೇರೆ ಟೈಪಿಂಗ್ ಸಾಫ್ಟ್‌ವೇರಲ್ಲಿ ಹೊಡೆದಿರೋವು ಸಿಗ್ತಿವೆ, ಅವಕ್ಕೆ ನುಡಿ ಕನ್ವರ್ಟರ್ ಹಾಕಿದ್ರೆ ಇನ್ನೂ ಕೆಡ್ತವೆ. ಯಾರಾದ್ರೂ ಮಾಡಿದೀರಾ?

ಹಳೇ_ಸೂಪರಿಂಟೆಂಡೆಂಟ್:

ಎಷ್ಟವೆ ಎಣ್ಸು ಮೊದ್ಲು. ಐವತ್ತರೊಳಗಿದ್ರೆ ಮೇಡಂ ಕೈಲಿ ಹೊಸದಾಗಿ ಟೈಪ್ ಮಾಡ್ಸ್ಬುಡು, ನೀನ್ ಕನ್ವರ್ಟರ್ ಹುಡ್ಕೋ ಹೊತ್ಗೆ ಅವ್ರು ಮುಗುಸಿರ್ತರೆ.